ಯಾವುದು ತಗೊಳ್ಳಲಿ ಎಂದು ಕೇಳಿದೆಯಲ್ಲ

ಸಾಗರ
ಭಾನುವಾರ, ೯ ಮಾರ್ಚ್ ೨೦೨೫

ಪ್ರೀತಿಯ ಶ್ರೀಗೌರಿ,

ಕುಶಲವೇ ಎಂದು ಕೇಳುವುದಿಲ್ಲ. ಕೇಳಿದರೆ ಆರಾಮ ಎಂದು ಸುಳ್ಳು ಹೇಳುತ್ತೀಯ. ಹಾಳೆಯ ಗಾತ್ರ ನೋಡಿ ನಗಬೇಡ, ಇದು ನಾನು ಬ್ಲೌಸಿನ ಅಳತೆ ಕತ್ತರಿಸಿಕೊಳ್ಳುವ ಕಂದು ಕಾಗದ. ನಿನ್ನ ಕಣ್ಣಿಗೆ ಸಿಗಲಿ ಎಂದು ಸ್ಕೆಚ್ ಪೆನ್ನಿನಲ್ಲಿ ಅಂಗಡಿ ಬೋರ್ಡಿನ ಹಾಗೆ ದಪ್ಪ ದಪ್ಪ ಬರೆಯುತ್ತಿದ್ದೇನೆ. ಕಿಟಕಿಯ ಪಕ್ಕ ಕುಳಿತು ನಿಧಾನವಾಗಿ ನೀನೇ ಓದು. ಕೃಷ್ಣಪ್ರಸಾದನ ಕೈಯಲ್ಲಿ ಓದಿಸಬೇಡ. ನಿನ್ನ ಮಗ ಒಳ್ಳೆಯವನೇ, ಆದರೆ ಮೆಡಿಕಲ್ ಶಾಪಿನವನ ಬಾಯಲ್ಲಿ ನನ್ನ ಕಾಗದವೂ ಊಟಕ್ಕೆ ಮೊದಲು ಒಂದು, ಊಟದ ಮೇಲೆ ಒಂದು ಎಂಬಂತೆ ಕೇಳೀತು. ಫೋನಿನಲ್ಲೇ ಹೇಳಬಹುದಿತ್ತು. ನಿನ್ನ ಫೋನು ಯಾವಾಗಲೂ ಸ್ಪೀಕರಿನಲ್ಲಿರುತ್ತದೆ. ನಿನ್ನ ಸೊಸೆ ಕಾಯಿ ತುರಿಯುವ ಸದ್ದು ಕೇಳುತ್ತ ನಾನು ಯಾವ ಗುಟ್ಟು ಹೇಳಲಿ?

ಹೋದ ವಾರ ನೀನು ಫೋನು ಮಾಡಿ, ಶಿವಮೊಗ್ಗದ ಕಣ್ಣಿನ ಡಾಕ್ಟರು ಹೇಳಿದ್ದನ್ನು ಏನೂ ಆಗದವಳ ಹಾಗೆ ಹೇಳಿದೆ. ಕಣ್ಣಿನ ನಡುಭಾಗ ಸವೆಯುತ್ತಿದೆಯಂತೆ. ಸಾಲಿನ ಆಚೆ ಈಚೆ ಕಾಣುತ್ತದೆ, ಓದಬೇಕಾದ ಶಬ್ದ ಮಾತ್ರ ಅಳಿಸಿಹೋಗುತ್ತದೆ. ಸದ್ಯಕ್ಕೆ ಅಕ್ಷರ ದೊಡ್ಡದು ಮಾಡಿಕೊಂಡರೆ ಓದಬಹುದು, ಮುಂದಿನದು ಹೇಳಲಾಗುವುದಿಲ್ಲ ಅಂದರಂತೆ. ಅಷ್ಟು ಹೇಳಿ ನಕ್ಕುಬಿಟ್ಟೆ. "ಮಗ ತೆಗೆಸಿಕೊಡ್ತಿ ಹೇಳ್ತ. ಇ-ರೀಡರೋ ಟ್ಯಾಬ್ಲೆಟ್ಟೋ, ಎಂಗೆ ಎಂತದೂ ಗೊತ್ತಾಗ್ತಿಲ್ಲೆ. ನೀನೇ ನೋಡಿ ಹೇಳು ಮಾರಾಯ್ತಿ" ಅಂದೆ. ಇಷ್ಟು ವರ್ಷ ಸೀರೆಗೆ ಹೊಂದುವ ಬ್ಲೌಸ್ ಪೀಸು ಆರಿಸಿಕೊಟ್ಟವಳಿಗೆ ಇದೂ ಒಂದು ಕೆಲಸ ಎಂದುಕೊಂಡು ಒಪ್ಪಿದೆ.

ನನ್ನ ಅಣ್ಣನ ಮಗ ಯೋಗರಾಜನ ಮೊಬೈಲ್ ಅಂಗಡಿ ಬಸ್‌ಸ್ಟ್ಯಾಂಡಿನ ಹಿಂದೆ ಇದೆಯಲ್ಲ, ಅಲ್ಲಿಂದ ಎರಡನ್ನೂ ಮನೆಗೆ ತಂದೆ. "ಅತ್ತೆ, ಸ್ಕ್ರೀನಿಗೆ ಸೂಜಿ ಗೀಜಿ ತಾಗಿಸ್ಬೇಡ್ರಾ, ಗಿರಾಕಿದು" ಎಂದು ಹತ್ತು ಸಲ ಹೇಳಿ ಕೊಟ್ಟ.

ಮೊದಲು ಇ-ರೀಡರ್. ನಮ್ಮ ಕಾಲದ ಸ್ಲೇಟಿಗಿಂತ ಹಗುರ. ಬೆಳಕು ಕಣ್ಣಿಗೆ ಹೊಡೆಯುವುದಿಲ್ಲ, ಬಿಸಿಲಿನಲ್ಲಿ ಜಗಲಿಯ ಮೇಲೆ ಕುಳಿತರೂ ಕಾಗದದಂತೆಯೇ ಕಾಣುತ್ತದೆ. ಅಕ್ಷರವನ್ನು ನಿನಗೆ ಬೇಕಾದಷ್ಟು ದೊಡ್ಡದು ಮಾಡಬಹುದು. ಒಮ್ಮೆ ಚಾರ್ಜು ಮಾಡಿದರೆ ಮರೆತೇ ಹೋಗುವಷ್ಟು ದಿನ ಬರುತ್ತದೆ. ಕರೆಂಟು ಹುಟ್ಟುವ ಲಿಂಗನಮಕ್ಕಿಯನ್ನು ಮಗ್ಗುಲಲ್ಲಿಟ್ಟುಕೊಂಡೂ ಕರೆಂಟಿಗೆ ಕಾಯುವ ನಮ್ಮಂಥವರಿಗೆ ಅದು ಸಣ್ಣ ಮಾತಲ್ಲ. ಪುಟ ತಿರುಗಿಸುವಾಗ ಒಂದು ಗಳಿಗೆ ಕಪ್ಪಾಗಿ ಕಣ್ಣು ಮಿಟುಕಿಸುತ್ತದೆ, ಅಷ್ಟೇ. ಕೊರತೆಯೂ ಇದೆ. ಅದಕ್ಕೆ ಹಾಕುವಂಥ ಕನ್ನಡ ಪುಸ್ತಕ ಕಡಿಮೆ. ಹಳೆಯ ಪುಸ್ತಕಗಳ ಫೋಟೋ ತೆಗೆದು ಇಟ್ಟಿರುತ್ತಾರಲ್ಲ, ಅದನ್ನು ಹಾಕಿದರೆ ಇಡೀ ಪುಟ ಬೆಂಕಿಪೊಟ್ಟಣದಷ್ಟಾಗಿ ಕೂರುತ್ತದೆ. ಹಿಗ್ಗಿಸಿದರೆ ಸಾಲಿನ ಅರ್ಧ ಆಚೆ ಓಡಿಹೋಗುತ್ತದೆ.

ಇನ್ನು ಟ್ಯಾಬ್ಲೆಟ್. ದೊಡ್ಡದು, ಬಣ್ಣದ್ದು. ಹಳೆಯ ಪುಸ್ತಕದ ಫೋಟೋ ಇದರಲ್ಲಿ ಸೊಗಸಾಗಿ ಕಾಣುತ್ತದೆ, ಎರಡು ಬೆರಳಲ್ಲಿ ಎಳೆದಷ್ಟೂ ಹಿಗ್ಗುತ್ತದೆ. ಆದರೆ ಭಾರ. ಎದೆಯ ಮೇಲಿಟ್ಟುಕೊಂಡು ಮಲಗಿದರೆ ಉಸಿರು ಕಟ್ಟುತ್ತದೆ. ಸ್ವಲ್ಪ ಹೊತ್ತಿಗೆ ಕಣ್ಣಲ್ಲಿ ನೀರು. ಅದಕ್ಕಿಂತ ದೊಡ್ಡ ಪೀಡೆ ಏನೆಂದರೆ ಅದು ಓದಲು ಬಿಡುವುದಿಲ್ಲ. ನಾನು ಕಾದಂಬರಿ ತೆರೆದು ಕುಳಿತವಳು, ಮೇಲಿಂದ ಏನೋ ಇಳಿಯಿತು, ಒತ್ತಿದೆ. ಆಮೇಲೆ ನೋಡಿದರೆ ಡ್ರೋನಿನ ಮೇಲೆ ಕುಳಿತು ಕವಲೇದುರ್ಗದ ಕೋಟೆ ಸುತ್ತುತ್ತಿದ್ದೇನೆ. ಅದು ಮುಗಿಯಿತು ಅನ್ನುವಷ್ಟರಲ್ಲಿ ಯಾರೋ ಹೆಂಗಸು ಹಲಸಿನೆಲೆ ಕೊಟ್ಟೆಯಲ್ಲಿ ಕಡುಬು ಮಾಡುತ್ತಿದ್ದಳು. ಅವಳು ಕೊಟ್ಟೆ ಕಟ್ಟಿದ್ದು ತಪ್ಪು ಎಂದು ನಾನೊಬ್ಬಳೇ ಕುಳಿತು ಜಗಳವಾಡಿದೆ. ಕಾದಂಬರಿಯ ಹುಡುಗಿ ಬಾವಿಕಟ್ಟೆಯ ಮೇಲೇ ನಿಂತಿದ್ದಳು ಪಾಪ.

ನಿನಗೂ ಇದೇ ಆಗುತ್ತದೆ. ನಿನ್ನ ತಂಗಿ ಮಕ್ಕಳು ವಿಡಿಯೋದಲ್ಲಿ ಬರುತ್ತಾರೆ. ಭಜನೆಯವರ ಗುಂಪು, ಹಳೆಯ ವಿದ್ಯಾರ್ಥಿಗಳ ಗುಂಪು, ಸೀರಿಯಲ್ಲು, ಸಿಗಂದೂರಿನ ಪೂಜೆ, ಎಲ್ಲವೂ ಮಡಿಲಿಗೇ ಬಂದು ಬೀಳುತ್ತವೆ. ಟೀಚರಮ್ಮನ ದರ್ಬಾರು! ಅದರ ನಡುವೆ ಪುಸ್ತಕ ಎಲ್ಲಿ ಉಳಿಯಿತು? ಆದ್ದರಿಂದ ನನ್ನ ಮಾತು ಕೇಳಿ ಇ-ರೀಡರನ್ನೇ ತಗೋ. ನಾವು ಆರಿಸುವ ಪುಸ್ತಕ ಅದರಲ್ಲಿ ಸಿಗುತ್ತದೋ ಇಲ್ಲವೋ ಯೋಗರಾಜ ನೋಡಿ ಹೇಳುತ್ತಾನೆ. ಅದೇ ಪುಸ್ತಕವನ್ನು ನಾನು ಇಲ್ಲಿ ಕಾಗದದಲ್ಲಿ ಓದುತ್ತೇನೆ. ಒಂದೊಂದು ಅಧ್ಯಾಯಕ್ಕೆ ಫೋನು ಮಾಡಿಕೊಂಡರಾಯಿತು.

ಇನ್ನೊಂದು ವಿಷಯ. ಇದನ್ನು ಬರೆಯಲೋ ಬೇಡವೋ ಎಂದು ಮೂರು ಸಲ ಪೆನ್ನಿನ ಮುಚ್ಚಳ ಹಾಕಿದೆ, ತೆಗೆದೆ.

ನೀನು ಸಾಗರದ ಹೈಸ್ಕೂಲು ಬಿಟ್ಟು ತೀರ್ಥಹಳ್ಳಿಗೆ ಹೋದ ವರ್ಷದಿಂದ ನಮ್ಮ ಪುಸ್ತಕ ಬಸ್ಸಿನಲ್ಲಿ ಓಡಾಡಿದೆ. ನಾನು ಪೇಪರು ಸುತ್ತಿ, ಉಳಿದ ಲೇಸಿನ ತುಂಡಲ್ಲಿ ಕಟ್ಟಿ ಕಂಡಕ್ಟರ್ ಗಣೇಶನ ಕೈಗೆ ಕೊಡುವುದು, ಅವನು ಅದನ್ನು ಇಂಜಿನ್ ಪಕ್ಕ ಇಟ್ಟು ಹೊಸನಗರ ದಾಟಿಸಿ ನಿನಗೆ ಮುಟ್ಟಿಸುವುದು. ಒಮ್ಮೆ ಹೊಸನಗರದಲ್ಲಿ ಗಂಟು ಅದಲುಬದಲಾಗಿ, ನನ್ನ ಕಾದಂಬರಿ ಯಾರದೋ ಬಾಣಂತಿ ಮನೆಗೆ ಹೋಗಿ, ಕಷಾಯದ ಪುಡಿ ನಿನಗೆ ಬಂದಿತ್ತಲ್ಲ. "ಈ ಸಲದ್ದು ರಾಶಿ ಕಹಿ ಇದ್ದು, ಕಡೆತನಕ ಓದಲೆ ಆಗ್ತಿಲ್ಲೆ" ಎಂದು ನೀನು ಫೋನಿನಲ್ಲಿ ಅಂದಿದ್ದೆ. ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡುವಷ್ಟು ನಕ್ಕಿದ್ದೆ ನಾನು.

ಡಿಸೆಂಬರಿನಲ್ಲಿ ಮದುವೆ ಬ್ಲೌಸುಗಳ ರಾಶಿಯಲ್ಲಿ ನನಗೆ ತಲೆ ಎತ್ತಲು ಬಿಡುವಿರಲಿಲ್ಲ. ಹೊಸ ಕಾದಂಬರಿಯನ್ನು ನೀನೇ ಮೊದಲು ಓದು ಎಂದು ಕಳಿಸಿದೆ. ಸಂಕ್ರಾಂತಿ ಕಳೆದು ವಾಪಸು ಬಂತು. ಹೇಗಿತ್ತು ಎಂದು ಕೇಳಿದರೆ "ರಾಶಿ ಚೊಲೋ ಇದ್ದು, ಆ ತಾಯಿ ಕಡೆಗೆ ಮಾತಾಡೋದು ಇದ್ದಲ, ಕಣ್ಣಲ್ಲಿ ನೀರು ಬಂತು" ಅಂದೆ. ನಾನು ಓದುತ್ತ ಕೊನೆಯ ಅಧ್ಯಾಯಕ್ಕೆ ಬಂದೆ. ಅಲ್ಲಿ ಎರಡು ಹಾಳೆ ಮೇಲಿನ ಅಂಚಿನಲ್ಲಿ ಒಂದಕ್ಕೊಂದು ಸೇರಿಕೊಂಡೇ ಇದ್ದವು. ಪ್ರೆಸ್ಸಿನವರು ಕತ್ತರಿಸಿರಲಿಲ್ಲ. ನೀನೂ ಕತ್ತರಿಸಿರಲಿಲ್ಲ. ಬಿಡಿಸಿ ಓದಿದೆ. ತಾಯಿ ಮಾತೇ ಆಡುವುದಿಲ್ಲ ಶ್ರೀಗೌರಿ. ಅವಳು ಆ ಹಾಳೆಗಳ ಒಳಗೇ ತೀರಿಕೊಳ್ಳುತ್ತಾಳೆ.

ಎಂಥ ಸಿಟ್ಟು ಬಂತು ಗೊತ್ತಾ! ಓದದೆ ಓದಿದೆ ಎನ್ನುವ ಮಕ್ಕಳ ಕಿವಿ ಹಿಂಡಿದವಳು ನೀನು. ನಿನಗೆ ಬೇಜಾರು ಬಂದಿದೆ, ನನ್ನನ್ನು ಸಾಗಹಾಕುತ್ತಿದ್ದೀಯ ಅಂದುಕೊಂಡೆ. ಆ ವಾರ ನಿನ್ನ ಫೋನು ಎತ್ತಲಿಲ್ಲ, ಮಿಷನ್ನಿನ ಸದ್ದಿನಲ್ಲಿ ಕೇಳಲಿಲ್ಲ ಎಂದು ನಾನೂ ಒಂದು ಸುಳ್ಳು ಸೇರಿಸಿದೆ. ಈಗ ಕಣ್ಣಿನ ವಿಷಯ ಗೊತ್ತಾದ ಮೇಲೆ ಎಲ್ಲ ಅರ್ಥವಾಯಿತು. ಕಾಣುವುದಿಲ್ಲ ಅಂದರೆ ನಾನು ಪುಸ್ತಕ ಕಳಿಸುವುದು ನಿಲ್ಲಿಸುತ್ತೇನೆ ಎಂದು ನೀನು ಹೆದರಿದೆ. ನಿಲ್ಲಿಸಿದರೆ ನಾನು ಬಸ್‌ಸ್ಟ್ಯಾಂಡಿಗೆ ಹೋಗುವುದು ಯಾರಿಗಾಗಿ? ಅಮ್ಮ ಹೋದ ಮೇಲೆ ನನಗೆ ದಾರಿ ಕಾಯಲು ಬೇರೆ ಯಾರೂ ಇಲ್ಲ ಎಂದು ನಿನಗೆ ಗೊತ್ತು. ಅದಕ್ಕೇ ಕುರುಡುಗಣ್ಣಿನಲ್ಲೇ ನನ್ನ ಪುಸ್ತಕ ಹೊತ್ತು ತಂದು, ಕಟ್ಟಿ ಕಳಿಸಿದೆ. ಹಾಗೆಂದುಕೊಂಡೇ ಮೊನ್ನೆ ಯಾರದೋ ಬ್ಲೌಸಿನ ಕಂಕುಳ ಹೊಲಿಗೆ ಬಿಚ್ಚುತ್ತ ಅತ್ತುಬಿಟ್ಟೆ. ಇನ್ನು ಮೇಲೆ ಹಾಗೆ ಮಾಡಬೇಡ. ಕಾಣದಿದ್ದರೆ ಕಾಣುವುದಿಲ್ಲ ಅನ್ನು.

ನಾಳೆ ಬೆಳಿಗ್ಗೆಯ ಬಸ್ಸಿಗೆ ಈ ಗಂಟು ಕೊಡುತ್ತೇನೆ. ಗಣೇಶ "ಏನ್ ತನುಜಕ್ಕಾ, ಈ ಸಲ ಪುಸ್ತಕ ತೆಳ್ಳಗಾಯ್ತಲ್ರಾ?" ಅನ್ನದೆ ಇರುವುದಿಲ್ಲ. ಕೃಷ್ಣಪ್ರಸಾದನಿಗೆ ಹೇಳು, ಇ-ರೀಡರ್ ಎಂದು.

ದೂರದಿಂದಲೇ ನಿನ್ನ ಕೈ ಹಿಡಿದುಕೊಂಡಿರುವ
ತನುಜಾ

ತಾ. ಕ.: ಗಂಟು ಕಟ್ಟಿ ಆಗಿತ್ತು, ಮತ್ತೆ ಬಿಚ್ಚಿದೆ. ಶ್ರೀಗೌರಿ, ಇ-ರೀಡರ್ ಬೇಡ, ಟ್ಯಾಬ್ಲೆಟ್ ತಗೋ. ಒಂದು ವಿಷಯವನ್ನು ಬೇಕೆಂದೇ ಬರೆಯಲಿಲ್ಲ. ಅದು ಓದಿ ಹೇಳುತ್ತದೆ, ಕನ್ನಡದಲ್ಲೇ. ಒಂದು ಹೆಣ್ಣುದನಿ. ಅಳುವ ಕಡೆಯೂ ನಗುವ ಕಡೆಯೂ ಒಂದೇ ರಾಗ, ಆದರೆ ಶಬ್ದ ಒಂದೂ ಬಿಡುವುದಿಲ್ಲ. ನಾನು ತಂದ ಇ-ರೀಡರಿಗೆ ಬಾಯಿಲ್ಲ. ಕಣ್ಣು ಪೂರ್ತಿ ಕೈಕೊಟ್ಟರೆ ನಿನಗೆ ಬೇಕಾಗುವುದು ಟ್ಯಾಬ್ಲೆಟ್ಟೇ. ಗೊತ್ತಿದ್ದೂ ಮುಚ್ಚಿಟ್ಟೆ. ಟ್ಯಾಬ್ಲೆಟ್ ಬಂದರೆ ನಿನಗೆ ಎಲ್ಲರೂ ಸಿಗುತ್ತಾರೆ, ಆ ಎಲ್ಲರಲ್ಲಿ ನಾನೂ ಒಬ್ಬಳಾಗುತ್ತೇನೆ. ಬರೀ ಪುಸ್ತಕ ಇದ್ದರೆ ಅದನ್ನು ಹೇಳಿಕೊಳ್ಳಲು ನಾನೇ ಬೇಕಲ್ಲ ಎಂಬ ಲೆಕ್ಕ ನನ್ನದು. ಶನಿವಾರ ಸಂಜೆ ಕಡೆಯ ಗಿರಾಕಿಗೆ "ಹುಕ್ಕು ಹಾಕಿ ಇಟ್ಟಿರ್ತೀನಿ" ಎಂದು ಹೇಳಿದೆನಾ, ಆಮೇಲೆ ಸೋಮವಾರ ಅಂಗಡಿ ಬಾಗಿಲು ತೆಗೆಯುವವರೆಗೆ ನನಗೆ ಮಾತಾಡಲು ಯಾರೂ ಇಲ್ಲ. ಇವತ್ತು ಆ ಟ್ಯಾಬ್ಲೆಟ್ಟಿನ ದನಿಯನ್ನು ಇಡೀ ಅಧ್ಯಾಯ ಓದಲು ಬಿಟ್ಟು ಒಲೆಯ ಮುಂದೆ ಕುಳಿತಿದ್ದೆ. ನಡುವೆ ಒಂದು ಸಲ "ತಡಿ, ಅನ್ನ ಇಳಿಸಿ ಬರ್ತೀನಿ" ಎಂದು ಅದಕ್ಕೇ ಹೇಳಿದೆ. ಅದು ನಿಲ್ಲಲಿಲ್ಲ.