ನವಣೆ ಕೇಳಿ ಬರೆದ ತಮ್ಮನಿಗೆ

ಮಸ್ಕಿ
18-12-1991

ಚಿರಂಜೀವಿ ತಮ್ಮ ಹಂಪಣ್ಣನಿಗೆ ನಿನ್ನ ಅಕ್ಕ ಕಸ್ತೂರೆಮ್ಮ ಮಾಡುವ ಆಶೀರ್ವಾದಗಳು. ನಿನ್ನ ಹೆಂಡತಿ ಪಂಪಮ್ಮನಿಗೂ ಮಕ್ಕಳಿಗೂ ನನ್ನ ಹರಕೆ ತಿಳಿಸು. ನಾವೆಲ್ಲ ಇಲ್ಲಿ ಆರಾಮ ಇದ್ದೇವೆ.

ಉತ್ತರ ತಡವಾಯಿತೆಂದು ಸಿಟ್ಟಾಗಬೇಡ. ನೀನು ಕೇಳಿದ ನವಣೆಯನ್ನು ಗಿರಣಿಗೆ ಒಯ್ದರೆ ಗಿರಣಿಯವನು ಒಲ್ಲೆನೆಂದ. ಅವನ ಮಷೀನು ಅಕ್ಕಿ ಮಾಡುವ ನೆಲ್ಲಿಗೆ ಮಾತ್ರವಂತೆ. ಕಡೆಗೆ ನಾನೂ ಪಕ್ಕದ ಮನೆಯ ಗಾಳೆಮ್ಮನೂ ಒನಕೆ ಹಿಡಿದು ಒರಳಿನಲ್ಲಿ ಕುಟ್ಟಿ, ಕೇರಿ, ಹೊಟ್ಟು ತೆಗೆದೆವು. ಕೈಗೆ ಬೊಬ್ಬೆ ಎದ್ದಿದ್ದವು, ಪೆನ್ನು ಹಿಡಿಯಲು ಆಗಲಿಲ್ಲ. ನೀನು ಪಾಟಿಯ ಮೇಲೆ ತಿದ್ದುವಾಗ ನಿನ್ನ ಬೆನ್ನ ಹಿಂದೆ ಕೂತು ಬೂದಿಯಲ್ಲಿ ತಿದ್ದಿ ಕಲಿತವಳು ನಾನು. ಅಕ್ಷರ ಸೊಟ್ಟಗಿದ್ದರೆ ನಗಬೇಡ.

ನಿನ್ನ ಕಾಲ್ಬೆರಳಿನ ಹುಣ್ಣು ಮಾಯುತ್ತಿಲ್ಲ, ಸಿಂಧನೂರಿನ ಡಾಕ್ಟರರು ಸಕ್ಕರೆ ರೋಗ ಎಂದಿದ್ದಾರೆ, ಊಟ ಬದಲಿಸದಿದ್ದರೆ ಬೆರಳು ತೆಗೆಯಬೇಕಾದೀತು ಎಂದು ಓದಿದಾಗ ಎದೆ ಧಸಕ್ ಎಂದಿತು. ಆದರೆ ಮುಂದಿನ ಸಾಲು ಓದಿ ನಗು ಬಂತು ನೋಡು. ಮೂರು ಹೊತ್ತು ಅನ್ನ ಉಣ್ಣುವುದು ಬಿಡು, ಜೋಳದ ರೊಟ್ಟಿ ತಿನ್ನು, ನವಣೆ ತಿನ್ನು ಎಂದರಂತೆ! ನಿಮ್ಮ ಗೊರೇಬಾಳಕ್ಕೆ ಕಾಲುವೆ ನೀರು ಬಂದು ನೀನು ನೆಲ್ಲು ಹಚ್ಚಿದ ಮೇಲೆ ನಿಮ್ಮ ಮನೆಯ ರೊಟ್ಟಿ ಹಂಚು ಅಟ್ಟ ಏರಿತ್ತಲ್ಲ. "ಯಕ್ಕಾ, ಇನ್ನೂ ರೊಟ್ಟಿ ಬಡಿಯಾಕತ್ತೀ ಏನು? ಅನ್ನ ಉಣ್ಣಾಕ ಕಲಿ" ಎಂದು ನನ್ನನ್ನು ಅಣಕಿಸುತ್ತಿದ್ದಿ.

ನಿನ್ನ ಪತ್ರವನ್ನು ಗಾಳೆಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅವಳು ಒನಕೆ ಕೆಳಗಿಟ್ಟು, "ಯವ್ವಾ, ಇಷ್ಟ ದಿನ ನಾವು ತಿಂದಿದ್ದು ಔಷಧೇನಬೇ? ಮೊದಲ ಗೊತ್ತಿದ್ರ ಚಮಚದಾಗ ತಿಂತಿದ್ನಿ!" ಎಂದಳು.

ಹೋದ ವಾರ ಲಿಂಗಸುಗೂರಿನಲ್ಲಿ ಸಕ್ಕರೆ ರೋಗದವರಿಗೆಂದು ಶಿಬಿರ ಇಟ್ಟಿದ್ದರು. ನಾನೂ ಹೊರಟೆ. ನಮ್ಮ ಮನೆಯವರು, ನಿನ್ನ ಮಾವ, ಕಟ್ಟೆಯ ಮೇಲೆ ಕೂತು, "ರೋಗ ಇಲ್ಲದಾಕಿ ಅಲ್ಲಿ ಹೋಗಿ ಏನ್ ಮಾಡ್ತೀ?" ಎಂದು ಕೇಳಿದರು.

"ರೋಗ ಇದ್ದಾವ ಹೋಗಂಗಿಲ್ಲ, ನಾನಾರ ಹೋಗಿ ಕೇಳಿಕೊಂಡು ಬರ್ತೀನಿ" ಎಂದೆ.

ಅಲ್ಲಿ ಒಬ್ಬ ಸಣ್ಣ ವಯಸ್ಸಿನ ಡಾಕ್ಟರಮ್ಮ ಬಹಳ ಚೆಂದ ತಿಳಿಸಿ ಹೇಳಿದಳು. ಇಂಥ ಕಾಳುಗಳಲ್ಲಿ ನಾರು ಇರುತ್ತದಂತೆ. ಅದರಿಂದ ಊಟದ ಸಕ್ಕರೆ ರಕ್ತಕ್ಕೆ ಸಾವಕಾಶ ಇಳಿಯುತ್ತದೆ. ಪಾಲಿಶ್ ಮಾಡಿದ ಅಕ್ಕಿಯದಾದರೆ ಓಡುತ್ತ ಹೋಗುತ್ತದೆ. ಇತ್ತೀಚೆಗೆ ಪರೀಕ್ಷೆ ಮಾಡಿ ನೋಡಿದ್ದಾರಂತೆ. ನನಗೆ ಕೂತಲ್ಲಿ ಕೂಡಲಾಗಲಿಲ್ಲ. ಎದ್ದು ನಿಂತು, "ಡಾಕ್ಟರ್ ಬಾಯಾರ, ಇದು ನಮ್ಮ ಅವ್ವನ ಊಟರೀ!" ಎಂದುಬಿಟ್ಟೆ. ಅವಳು ನನ್ನನ್ನು ಮುಂದೆ ಕರೆದು ಮೈಕು ಕೊಟ್ಟಳು. ಹಂಪಣ್ಣ, ನಿನ್ನ ಅಕ್ಕ ಮೈಕಿನಲ್ಲಿ ಮಾತಾಡಿದಳು! ಜೋಳದ ರೊಟ್ಟಿ, ಪುಂಡಿ ಪಲ್ಯ, ಹೆಸರುಕಾಳು, ಅಗಸಿ ಹಿಂಡಿ, ಮಜ್ಜಿಗೆ ಎಲ್ಲ ಹೇಳಿದೆ. ಆ ಭರದಲ್ಲಿ, "ಬೆಲ್ಲದ ಮಾದಲಿನೂ ಹಳೇ ಕಾಲದ್ದ ರೀ, ಎಷ್ಟರ ತಿನ್ರಿ" ಎಂದೆ. ಡಾಕ್ಟರಮ್ಮ ಮೈಕು ಕಸಿದುಕೊಂಡು, "ಅಮ್ಮಾ, ಬೆಲ್ಲನೂ ಸಕ್ಕರೀನ ರೀ!" ಎಂದಳು. ಮಂದಿ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಹಳೆಯದೆಲ್ಲ ಔಷಧವಲ್ಲ ಎಂಬುದನ್ನೂ ಕಲಿತುಕೊಂಡು ಬಂದೆ.

ಅವಳು ಹೇಳಿದ್ದನ್ನು ನಿನಗೆ ಹೇಳುತ್ತೇನೆ, ಲಕ್ಷ್ಯ ಕೊಡು. ಗುಳಿಗೆ ಬಿಡಬೇಡ. ರೊಟ್ಟಿಯಾದರೂ ಹೊಟ್ಟೆ ಬಿರಿಯ ತಿನ್ನಬೇಡ. ಬರಿಗಾಲಲ್ಲಿ ಕೆಸರಿಗೆ ಇಳಿಯಬೇಡ.

ಒಂದು ಚೀಲ ನವಣೆ ಬಸ್ಸಿಗೆ ಹಾಕು ಎಂದು ಬರೆದಿದ್ದಿ. ಚೀಲ ಹಾಕುವುದಿಲ್ಲ. ಮುಂದಿನ ಅಮಾವಾಸ್ಯೆಗೆ ಎಳ್ಳಮಾಸಿ ಹಬ್ಬ, ಅಲ್ಲಿಯವರೆಗೆ ಸಾಲುವಷ್ಟನ್ನು ಕಂಡಕ್ಟರ್ ದಾವಲ್‌ಸಾಬರ ಕೈಯಲ್ಲಿ ಈ ಪತ್ರದ ಜೊತೆ ಕೊಟ್ಟಿದ್ದೇನೆ. ಎಳ್ಳಮಾಸಿಗೆ ನೀನೇ ಬಾ. ಭೂತಾಯಿಗೆ ಎಡೆಯಾಗಿ ಹೊಲಕ್ಕೆ ಚರಗ ಚೆಲ್ಲಿ, ಬದುವಿನ ಮೇಲೆ ಕೂತು ಎಲ್ಲರೂ ಕೂಡಿ ಉಣ್ಣೋಣ. ಆಮೇಲೆ ಒಂದು ತಿಂಗಳು ಇಲ್ಲೇ ಇರು, ನಾನು ರೊಟ್ಟಿ ಬಡಿದು ಹಾಕುತ್ತೇನೆ. ಎರಡನೇ ಬೆಳೆ ಹಚ್ಚಬೇಕು ಎಂದು ನೆಪ ಹೇಳಬೇಡ. ನೆಲ್ಲು ಹಚ್ಚಲು ಆಳು ಸಿಗುತ್ತಾರೆ, ಹೋದ ಬೆರಳು ಸಿಗುವುದಿಲ್ಲ.

ಗುಡ್ಡದ ಮಲ್ಲಯ್ಯ ನಿನ್ನ ಕಾಲು ಕಾಯಲಿ. ನೂರು ವರ್ಷ ನಡೆದಾಡಿಕೊಂಡು ಬಾಳು.

ನಿನ್ನ ಅಕ್ಕ,
ಕಸ್ತೂರೆಮ್ಮ

ತಾ.ಕ.: ಒಂದು ಮಾತು ಮೇಲೆ ಬರೆಯಲು ಕೈ ಓಡಲಿಲ್ಲ. ನನ್ನ ಮೊಮ್ಮಗನನ್ನು ತೊಟ್ಟಿಲಿಗೆ ಹಾಕಿದ ದಿನ ನೀನು ಜೀಪಿನಲ್ಲಿ ನಿನ್ನ ಮನೆಯ ಅಕ್ಕಿಯನ್ನೂ ಅಡುಗೆಯವನನ್ನೂ ತಂದಿದ್ದಿ. ಬೀಗರ ಎದುರು, "ನಮ್ಮಕ್ಕಗ ರೊಟ್ಟಿ ಬಿಟ್ರ ಏನೂ ಗೊತ್ತಿಲ್ಲರೀ, ಮರ್ಯಾದಿ ಹೋಗಬಾರದಂತ ನಾನ ತಂದೀನಿ" ಎಂದಿ. ನನಗೆ ಒಳ್ಳೆಯದಾಗಲಿ ಎಂದೇ ತಂದಿದ್ದಿ, ಗೊತ್ತು. ಎಲ್ಲರೂ ನಿನ್ನ ಅನ್ನ ಉಂಡು ಹೊಗಳಿದರು. ಎರಡು ದಿನ ಕೂತು ಬಡಿದ ನನ್ನ ರೊಟ್ಟಿಯನ್ನು ಸಂಜೆ ದನಕ್ಕೆ ಹಾಕಿದೆ. ಅಂದಿನಿಂದ ನೀನು ಬಂದಾಗಲೆಲ್ಲ ಬರೀ ಚಹಾ ಕುಡಿದು ಹೋಗಿದ್ದಿ. ನಾನೂ ಊಟಕ್ಕೆ ಏಳು ಎಂದಿಲ್ಲ.

ಈಗ ಏಳು ಎನ್ನುತ್ತಿದ್ದೇನೆ. ಎಳ್ಳಮಾಸಿಯ ದಿನ ಬೀಗರೂ ಹೊಲಕ್ಕೆ ಬರುತ್ತಾರೆ. ಅವರ ಮುಂದೆ ಡಾಕ್ಟರ ಹೆಸರು ತೆಗೆಯಬೇಡ. ಅಕ್ಕನ ಕೈಯ ರೊಟ್ಟಿ ತಿನ್ನಬೇಕು ಅನಿಸಿತು, ಅದಕ್ಕೆ ಬಂದೆ ಅನ್ನು. ಸುಳ್ಳಾದರೂ ಅನ್ನು.