ದೇವರ ಹಲಗೆಯಿಂದ ಇಳಿದ ಮದ್ದು

ಬಾಂದ್ರಾ, ಮುಂಬಯಿ
೧೯-೧೧-೧೯೫೬

ಪ್ರೀತಿಯ ಅಮ್ಮಾ,

ನಿನ್ನ ಮೊಣಕಾಲು ನೋವು ಹೇಗಿದೆ? ಚಳಿಯಲ್ಲಿ ಬೆಳಗಿನ ಜಾವವೇ ಬಾವಿಕಟ್ಟೆಗೆ ಹೋಗಬೇಡ. ನನ್ನ ವಾರಿಜಳನ್ನಂತೂ ಅತ್ತ ಕಳಿಸಲೇಬೇಡ. ನಾನು ಹೇಗೋ ಇದ್ದೇನೆ. ಇವರು ತೀರಿಕೊಂಡ ಮೇಲೆ ಹಿಡಿದ ಶಾಲೆಯ ಆಯಾ ಕೆಲಸ ನಡೆಯುತ್ತಿದೆ. ಇವರ ಹೋಟೆಲಿನ ಅಂಗಿ ಒಗೆದೆ. ಸಾಂಬಾರಿನ ವಾಸನೆ ಪೂರ್ತಿ ಹೋಗಲಿಲ್ಲ. ಇನ್ನೊಮ್ಮೆ ಒಗೆಯಲಿಲ್ಲ.

ನಿನ್ನ ಪರವಾಗಿ ಚೆನ್ನಯಣ್ಣ ಬರೆದ ಕಾಗದ ಸಿಕ್ಕಿತು. ವಾರಿಜಳ ಮೂರ್ಛೆಯ ಮದ್ದನ್ನು ನೀನು ದೇವರ ಹಲಗೆಯ ಮೇಲೆ ಭದ್ರವಾಗಿ ಇಟ್ಟಿದ್ದೀಯಂತೆ. ಅದನ್ನು ಓದಿ ಇವತ್ತು ಕೆಲಸಕ್ಕೂ ಹೋಗದೆ ಇದನ್ನು ಬರೆಯುತ್ತಿದ್ದೇನೆ.

ಅಮ್ಮಾ, ಇವರೂ ಹಾಗೇ ಇಟ್ಟಿದ್ದರು. ದಿನಾ ಸ್ನಾನ ಮಾಡಿ, ದೀಪ ಹಚ್ಚಿ, ತೀರ್ಥ ಕೊಟ್ಟ ಹಾಗೆ ಮಾತ್ರೆಯನ್ನು ಅವಳ ಅಂಗೈಗೆ ಹಾಕುತ್ತಿದ್ದರು. ಅವಳು ಹೊರಗೆ ಕೂತ ದಿನಗಳಲ್ಲಿ ಮಾತ್ರ ಕೊಡುತ್ತಿರಲಿಲ್ಲ. ಅವಳೂ ಚಾಳಿನ ಗ್ಯಾಲರಿಯಿಂದಲೇ, “ದೇವರ ಹತ್ತಿರದ್ದು ಈಗ ನಂಗೆ ಬೇಡ ಅಪ್ಪಾ” ಎನ್ನುತ್ತಿದ್ದಳು. ಬೀಳುತ್ತಿದ್ದುದು ಹೆಚ್ಚಾಗಿ ಆ ದಿನಗಳಲ್ಲೇ. ಮೈಲಿಗೆಯಲ್ಲಿ ಏನೋ ಸೋಂಕು ತಗಲಿತು ಎಂದುಕೊಂಡೆವು. ಒಮ್ಮೆ ಬಿದ್ದಾಗ ಇವರು ಮುಟ್ಟಲು ಹಿಂದೆಮುಂದೆ ನೋಡುತ್ತಿದ್ದರೆ, ಪಕ್ಕದ ಖೋಲಿಯ ಧಾರವಾಡದ ರಾಚವ್ವ ಓಡಿಬಂದು ಹಿಡಿದುಕೊಂಡರು. ಅವರಲ್ಲಿ ಹೊರಗೆ ಕೂರುವುದಿಲ್ಲ. “ಕೂಸು ಬಿದ್ದು ಒದ್ದಾಡಾಕತ್ತೈತಿ, ಎಂಥಾ ಮೈಲಿಗಿ ರೀ ನಿಮ್ಮದು” ಎಂದು ಬೈದರು.

ಆಮೇಲೆ ಮತ್ತೆ ಆಸ್ಪತ್ರೆಗೆ ಹೋದೆವು. ಮುಟ್ಟಿನ ದಿನಗಳಲ್ಲಿ ಹೆಚ್ಚು ಬೀಳುತ್ತಾಳೆಯೇ ಎಂದು ಡಾಕ್ಟರಮ್ಮ ಕೇಳಿದಾಗ ಇವರು ತಲೆಯ ಮೇಲಿನ ಪಂಖ ನೋಡತೊಡಗಿದರು. ನಾನೇ ಹೌದೆಂದೆ. ಕೆಲವು ಹೆಣ್ಣುಮಕ್ಕಳಿಗೆ ಹಾಗಾಗುತ್ತದೆ, ಅದು ಮೈಯೊಳಗಿನ ಏರುಪೇರು, ಗಾಳಿ ಸೋಂಕಲ್ಲ ಎಂದರು ಡಾಕ್ಟರಮ್ಮ. ಮಾತ್ರೆ ಬಿಡುವ ಸಂಗತಿ ಹೇಳಿದಾಗ ಬರೆಯುವುದನ್ನು ನಿಲ್ಲಿಸಿ, ಬೇಕೇಬೇಕಾದ ದಿನಗಳಲ್ಲೇ ಬಿಡುತ್ತೀರಲ್ಲ ಎಂದರು.

ಲೋಕಲ್‌ನಲ್ಲಿ ಮನೆಗೆ ಬಂದವರೇ ಇವರು ದೇವರ ಹಲಗೆಯಿಂದ ಸೀಸೆ ಇಳಿಸಿ, ಬಟ್ಟೆಚೀಲಕ್ಕೆ ಹಾಕಿ, ಬಾಗಿಲ ಹೊರಗಿನ ಮೊಳೆಗೆ ತೂಗುಹಾಕಿದರು. “ದೇವರಿಗೆ ಅಷ್ಟೂ ಗೊತ್ತಾಗುದಿಲ್ವಾ ಮಾರಾಯ್ತಿ” ಎಂದರು. ಬೀಳುವುದು ಪೂರ್ತಿ ನಿಲ್ಲಲಿಲ್ಲ, ಬಹಳ ಕಡಿಮೆಯಾಯಿತು. ಇವರು ಹೋದ ದಿನವೂ ಅವಳು ಹೊರಗಿದ್ದಳು. ಅಳುತ್ತಲೇ ಆ ಚೀಲಕ್ಕೆ ಕೈಹಾಕಿ ಮಾತ್ರೆ ನುಂಗಿದಳು.

ಆಮೇಲೆ ಚೆನ್ನಯಣ್ಣ ಅವಳನ್ನು ಊರಿಗೆ ಕರೆದೊಯ್ಯಲು ಬಂದಾಗ ಗಂಡಸಿನೆದುರು ಇದನ್ನೆಲ್ಲ ಹೇಳಲು ಬಾಯಿ ಬರಲಿಲ್ಲ. ವಾರಿಜಳೂ ನಿನ್ನ ಮುಂದೆ ಹೇಳುವವಳಲ್ಲ. ಅವಳ ತಲೆಗೆ ಎಣ್ಣೆ ಹಚ್ಚುವಾಗ ನನ್ನ ಹೆಸರಲ್ಲೂ ಒಮ್ಮೆ ಸವರು. ಅತ್ತಿಗೆಗೆ ನನ್ನ ನೆನಪು ತಿಳಿಸು.

ನಿನ್ನ ಮಗಳು
ನೀಲಾವತಿ

ತಾ.ಕ.: ಚೆನ್ನಯಣ್ಣಾ, ಅಮ್ಮನಿಗೆ ಓದಿ ಹೇಳುವಾಗ ನಾಚಿ ನಡುವಿನದನ್ನು ಬಿಟ್ಟಿದ್ದರೆ, ಹಿಂದೆ ಹೋಗಿ ಗಟ್ಟಿಯಾಗಿ ಓದು. ವಾರಿಜ ಹೊರಗೆ ಕೂರುವ ದಿನ ಹತ್ತಿರ ಬಂದಿದೆ. ಸೀಸೆಯನ್ನು ಇವತ್ತೇ ಇಳಿಸಿ ಅವಳ ಕೈಗೆ ಕೊಡು. ಹೊರಗೆ ಕೂತಾಗ ಬಿದ್ದರೆ ಮಗ್ಗುಲಿಗೆ ಹೊರಳಿಸಿ ಹತ್ತಿರವೇ ಇರಿ. ಮುಟ್ಟಿ. ಸ್ನಾನ ಆಮೇಲೆ ಮಾಡಬಹುದು.