ಬ್ಯಾಡಗಿಯಲ್ಲಿ ನಿನ್ನ ಹೆಸರಿನ ಚೀಲಗಳು

ರಾಣೆಬೆನ್ನೂರು
ಭಾನುವಾರ, ೯ ನವೆಂಬರ್ ೨೦೨೫

ಪ್ರೀತಿಯ ಮಗಳು ರೋಹಿಣಿ,

ಹೇಗಿದ್ದೀಯವ್ವಾ? ರಾತ್ರಿ ಪಾಳಿ ಮುಗಿಯಿತೇ? ಸೊಂಟದ ನೋವನ್ನು ನಿನ್ನ ಆಸ್ಪತ್ರೆಯಲ್ಲೇ ತೋರಿಸಿಕೊಳ್ಳಬಾರದೇ ಎಂದು ನಿನ್ನವ್ವ ದಿನಾ ಕೇಳುತ್ತಾಳೆ. ನರ್ಸ್ ಆದವಳು ತನ್ನ ಮೈ ನೋಡಿಕೊಳ್ಳುವುದಿಲ್ಲ ಎಂಬುದು ಅವಳ ತಕರಾರು. ನಾವು ಆರಾಮ ಇದ್ದೇವೆ. ನಿನ್ನ ತಂಗಿ ದೀಪಿಕಾ ಚೊಚ್ಚಲ ಹೆರಿಗೆಗೆ ಬಂದು ಹದಿನೈದು ದಿನವಾಯಿತು. ಕಾಲು ಸ್ವಲ್ಪ ಬಾತಿದೆ, ಉಳಿದಂತೆ ಎಲ್ಲ ಸರಿಯಿದೆ ಎಂದು ಡಾಕ್ಟರು ಹೇಳಿದ್ದಾರೆ.

ಇನ್ನು ಸುದ್ದಿ. ನಿನ್ನ ಹೆಸರಿಗೆ ಬಂದ ಆದಾಯ ತೆರಿಗೆ ನೋಟಿಸು ನಿನ್ನ ಮಸ್ಕತ್ ಸಂಬಳದ ಮೇಲಿನದಲ್ಲ. ಹಾವೇರಿಯ ಆಡಿಟರ್ ವಿಜಯಮಹಾಂತೇಶ ಗುರುವಾರ ಅದನ್ನು ಓದಿ ಹೇಳಿದರು. ಅವರು ಹೇಳುವ ಮೊದಲೇ ನನಗೆ ಗೊತ್ತಿತ್ತು. ಆದರೂ ಕಳೆದ ತಿಂಗಳು ಫೋನಿನಲ್ಲಿ ನೀನು "ನಾ ಊರಾಗ ಇಲ್ಲವ ಇಲ್ಲ, ನನಗ್ಯಾಕ ನೋಟಿಸ ಬಂತಪಾ?" ಎಂದಾಗ, ಹೋದ ಸಲ ರಜೆಗೆ ಬಂದು ಹೆಚ್ಚು ದಿನ ಉಳಿದೆಯಲ್ಲ, ಅದಕ್ಕೇ ಅಲ್ಲಿಯ ಸಂಬಳಕ್ಕೂ ಇಲ್ಲಿ ತೆರಿಗೆ ಬೀಳುತ್ತದಂತೆ ಎಂದುಬಿಟ್ಟೆ. ಬಾಯಿಗೆ ಬಂದ ಸುಳ್ಳು. ನೀನು ನಂಬಿದೆ. "ಹಂಗಾದ್ರ ಈ ಸಲ ನಾ ಬರೂದ ಬ್ಯಾಡ ಬಿಡು. ದಿನಾ ಎಣಿಸ್ಕೋತ ಯಾರ ಕುಂದ್ರಬೇಕು" ಎಂದು ಡಿಸೆಂಬರಿನ ಟಿಕೆಟ್ ರದ್ದು ಮಾಡಿಸಿದೆ. ನಾನು ಸುಮ್ಮನೆ ಕೇಳಿಸಿಕೊಂಡೆ. ಆಮೇಲೆ ನೀನು ಸಂಬಳದ ಚೀಟಿ, ಪಾಸ್‌ಪೋರ್ಟಿನ ಹಾಳೆಗಳ ಫೋಟೊ ಒಂದೊಂದಾಗಿ ಕಳಿಸಿ, "ಇಷ್ಟ ಸಾಕೇನಪಾ, ಇನ್ನೂ ಬೇಕಾ?" ಎಂದು ಕೇಳುತ್ತಾ ಹೋದೆ, ತಪ್ಪು ಮಾಡಿದವಳ ಹಾಗೆ. ಅವನ್ನು ನಾನು ತೆರೆದೂ ನೋಡಲಿಲ್ಲ. ಬೇಕಾಗಿರಲಿಲ್ಲ.

ನಡೆದದ್ದು ಇಷ್ಟು. ಅಜ್ಜಿ ನಿನ್ನ ಹೆಸರಿಗೆ ಬರೆದಿಟ್ಟ ಹಲಗೇರಿಯ ಎರಡು ಎಕರೆಯಲ್ಲಿ ಮೆಣಸಿನಕಾಯಿ ಬೆಳೆಯುವುದು ನಿಜ. ಅದಕ್ಕೆ ತೆರಿಗೆ ಇಲ್ಲ. ಆದರೆ ಎರಡು ವರ್ಷದಿಂದ ನಾನು ಸುಗ್ಗಿಯಲ್ಲಿ ಅಕ್ಕಪಕ್ಕದ ರೈತರ ಕಾಯಿಯನ್ನೂ ಕೊಂಡು, ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟು, ದರ ಏರಿದಾಗ ಮಾರಿದೆ. ಚೀಲಗಳೆಲ್ಲ ನಿನ್ನ ಹೆಸರಿನಲ್ಲಿ. ಹಣ ಬಂದದ್ದು ನಾನೇ ನೋಡಿಕೊಳ್ಳುವ ನಿನ್ನ ಇಲ್ಲಿಯ ಖಾತೆಗೆ. ನನ್ನ ಕಿರಾಣಿ ಅಂಗಡಿಯ ಲೆಕ್ಕದಲ್ಲಿ ತೋರಿಸಿದ್ದರೆ ತೆರಿಗೆ ಕಟ್ಟಬೇಕಿತ್ತು. ಪೇಪರಿನ ತೆರಿಗೆ ಪ್ರಶ್ನೋತ್ತರ ಅಂಕಣ ಓದಿ ಹೊಲದ ಆದಾಯಕ್ಕೆ ತೆರಿಗೆ ಇಲ್ಲ, ಪರದೇಶದಲ್ಲಿದ್ದವರು ಅಲ್ಲಿ ಗಳಿಸಿದ್ದಕ್ಕೂ ಇಲ್ಲಿ ತೆರಿಗೆ ಇಲ್ಲ ಎಂದು ತಿಳಿದುಕೊಂಡಿದ್ದೆ. ಎರಡನ್ನೂ ಜೋಡಿಸಿದರೆ ನಿನ್ನಷ್ಟು ಅನುಕೂಲದ ಹೆಸರು ಮನೆಯಲ್ಲಿ ಬೇರೆ ಇಲ್ಲ ಎನಿಸಿತು. ಅಂಕಣದ ಉಳಿದ ಅರ್ಧ ಓದುವ ಗೋಜಿಗೆ ಹೋಗಲಿಲ್ಲ.

ವಿಜಯಮಹಾಂತೇಶ ನೋಟಿಸು ಕೆಳಗಿಟ್ಟು ನಕ್ಕರು. "ಕಾಕಾರ, ಎರಡ ಎಕರೇದಾಗ ಇಷ್ಟು ಚೀಲ ಬೆಳದ್ರ, ನಿಮ್ಮ ಹೊಲಾ ನೋಡಾಕ ಇಸ್ರೇಲದವ್ರು ವಿಮಾನ ಹತ್ತಿ ಬರ್ತಾರ್ರಿ." ನನಗೆ ನಗು ಬರಲಿಲ್ಲ. ಆಮೇಲೆ ಬಿಡಿಸಿ ಹೇಳಿದರು. "ನಿಮ್ಮ ಮಗಳು ಎಲ್ಲಿ ಅದಾಳ ಅನ್ನೂದು ಆಕಿ ಪಗಾರಕ್ಕ. ಅಲ್ಲೇ ಇದ್ದು ಅಲ್ಲೇ ದುಡದದ್ದನ್ನ ಇಲ್ಲಿಯವ್ರು ಕೇಳೂದಿಲ್ಲ. ಬ್ಯಾಡಗ್ಯಾಗ ಮಾರಿದ ಮಾಲಿನ ಲಾಭಕ್ಕ ಹೆಸರಿನವ್ರು ಮಸ್ಕತ್‌ದಾಗ ಇದ್ರೇನು, ಮೋಟೆಬೆನ್ನೂರಾಗ ಇದ್ರೇನು?" ಕೊಂಡು ಮಾರಿದ್ದು ಬೆಳೆಯಲ್ಲ, ವ್ಯಾಪಾರ. ನಿನ್ನ ರಜೆಯ ಬಗ್ಗೆಯೂ ಕೇಳಿದೆ. ನಿನ್ನಂತೆ ಹೊರಗೆ ನೌಕರಿ ಮಾಡಿ ಊರಿಗೆ ಬಂದು ಹೋಗುವವರಿಗೆ ಸಾಮಾನ್ಯವಾಗಿ ವರ್ಷಕ್ಕೆ ಹೆಚ್ಚುಕಡಿಮೆ ಆರು ತಿಂಗಳ ಗಡಿ ಇದೆಯಂತೆ. ನೀನು ಉಳಿದದ್ದು ಒಂದೂವರೆ ತಿಂಗಳು.

ಮನೆಗೆ ಬಂದು ಎಲ್ಲ ಹೇಳಿದಾಗ ನಿನ್ನವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಪೇಪರ ಓದಿ ಓದಿ ಮಗಳು ಮನೀಗೆ ಬರದಂಗ ಮಾಡಿದ್ರಲ್ಲ" ಎಂದಳು. ಅಷ್ಟೇ. ಅಂದಿನಿಂದ ಪೇಪರನ್ನು ಅಂಗಡಿಯಲ್ಲೇ ಓದಿ ಬರುತ್ತೇನೆ.

ಮಾಲು ನನ್ನದು, ಲಾಭವೂ ನನ್ನದು ಎಂದು ಬರೆದುಕೊಡುತ್ತೇನೆ. ತೆರಿಗೆ, ಬಡ್ಡಿ, ದಂಡ ಏನು ಬಂದರೂ ನಾನೇ ತುಂಬುತ್ತೇನೆ. ಇಲಾಖೆ ಇದನ್ನು ಹೇಗೆ ತೆಗೆದುಕೊಳ್ಳುತ್ತದೋ ಆಡಿಟರಿಗೂ ಖಚಿತವಿಲ್ಲ. ಇದನ್ನೆಲ್ಲ ಫೋನಿನಲ್ಲೇ ಹೇಳಬೇಕೆಂದಿದ್ದೆ. ನೀನು "ಅಪ್ಪಾ, ಉಂಡ್ಯಾ?" ಎಂದ ಕೂಡಲೇ ಮಾತು ಮಳೆ, ದರದ ಕಡೆಗೆ ಹೊರಳಿಬಿಡುತ್ತದೆ. ನಮ್ಮ ಓಣಿಯ ಅಲ್ಲಾಬಕ್ಷ ಮಂಗಳವಾರ ಮಸ್ಕತ್‌ಗೆ ಮರಳುತ್ತಾನೆ. ಅವನ ಕೈಯಲ್ಲಿ ಈ ಪತ್ರವನ್ನೂ ಅವ್ವ ಮಾಡಿದ ಶೇಂಗಾ ಹೋಳಿಗೆಯನ್ನೂ ಕಳಿಸುತ್ತಿದ್ದೇನೆ. ಮೊದಲು ಹೋಳಿಗೆ ತಿನ್ನು.

ಅವ್ವ ನಿನ್ನನ್ನು ಕೇಳಿದ್ದಾಳೆ. ಎಲ್ಲಿದ್ದರೂ ಸುಖವಾಗಿರು, ತಾಯೀ.

ನಿನ್ನ ಅಪ್ಪ,
ಉಡಚಪ್ಪ

ತಾ.ಕ.: ದೀಪಿಕಾಗೆ ಇಂದಿನವರೆಗೆ ಏನೂ ಹೇಳಿರಲಿಲ್ಲ. ನಾಲ್ಕು ದುಡ್ಡು ಉಳಿಸಲು ಅಕ್ಕ ಹೆರಿಗೆಗೆ ಬರುತ್ತಿಲ್ಲ ಎಂದು ತಿಳಿದು ಅವಳು ನಿನ್ನ ಫೋನ್ ಎತ್ತುತ್ತಿರಲಿಲ್ಲ. ನಾನು ಕಂಡೂ ಸುಮ್ಮನಿದ್ದೆ. ಲಕೋಟೆ ಅಂಟಿಸುವ ಮೊದಲು ಈ ಪತ್ರವನ್ನು ಅವಳ ಕೈಗೆ ಕೊಟ್ಟೆ. ಓದಿ, ಮಡಚಿ ನನ್ನ ಮುಂದಿಟ್ಟಳು. ಆಮೇಲೆ, "ಅಕ್ಕಗ ಟಿಕೆಟ್ ಮಾಡ್ಸಾಕ ಬರಿ. ಆಕಿ ಬರೂತನಾ ನಾ ಹಡಿಯಂಗಿಲ್ಲ ಅಂತನೂ ಬರಿ" ಎಂದಳು. ಬರೆದಿದ್ದೇನೆ. ನನ್ನೊಡನೆ ಮಾತಾಡದಿದ್ದರೂ ಸರಿ, ಬಾ. ಡಾಕ್ಟರು ಕೊಟ್ಟ ದಿನ ಡಿಸೆಂಬರ್ ಹನ್ನೆರಡು. ಈ ತಿಂಗಳ ಹದಿನೇಳಕ್ಕೆ, ಸೋಮವಾರ, ಹಾವೇರಿಯಲ್ಲಿ ನನ್ನ ಹೇಳಿಕೆಗೆ ಸಹಿ ಹಾಕಬೇಕು, ನೋಟಿಸಿನ ಉತ್ತರ ಅಂದೇ ಇಲಾಖೆಗೆ ಹೋಗುತ್ತದೆ.